ಖರ್ಚು ಹೆಚ್ಚಿದರೆ ಮತ ಹೆಚ್ಚುತ್ತದೆಯೇ?

ಪ್ರಶ್ನೆ: ಹೆಚ್ಚು ಖರ್ಚು ಮಾಡಿದವರೇ ಚುನಾವಣೆ ಗೆಲ್ಲುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಒಂದು ಕ್ಷೇತ್ರದಲ್ಲಿ ಅಭ್ಯರ್ಥಿ ಸುರಿಯುವ ಹಣಕ್ಕೂ ಅಲ್ಲಿನ ಫಲಿತಾಂಶಕ್ಕೂ ನಿಜವಾಗಿ ಎಷ್ಟು ಸಂಬಂಧವಿದೆ? ನನ್ನ ಗೆಳತಿಯೊಬ್ಬರು ಸ್ಥಳೀಯ ಸಂಸ್ಥೆಯ ಚುನಾವಣೆಗೆ ನಿಲ್ಲುವ ಯೋಚನೆಯಲ್ಲಿದ್ದಾರೆ. ಕೈಯಲ್ಲಿ ಹಣ ಕಡಿಮೆ. ಅವರಿಗೆ ಏನು ಹೇಳಲಿ?

ಉತ್ತರ: ನಿಲ್ಲಲಿ ಎಂದೇ ಹೇಳಿ. ಹಣ ಕಡಿಮೆ ಎಂಬ ಒಂದೇ ಕಾರಣಕ್ಕೆ ಅವರು ಹಿಂದೆ ಸರಿಯಬೇಕಿಲ್ಲ. ಹಾಗೆಂದು, ಚುನಾವಣೆಯಲ್ಲಿ ಹಣ ಲೆಕ್ಕಕ್ಕೇ ಇಲ್ಲ ಎಂದು ಅವರನ್ನು ನಂಬಿಸಬೇಡಿ, ಅದು ಸುಳ್ಳು. ಈ ವಿಷಯದ ಮೇಲೆ ಸುಮಾರು ಅರ್ಧ ಶತಮಾನದಿಂದ ಗಂಭೀರ ಅಧ್ಯಯನ ನಡೆದಿದೆ. ಅದರಿಂದ ತಿಳಿದದ್ದು ಬೀದಿಮಾತಿಗಿಂತ ಬೇರೆಯೇ ಆಗಿದೆ. ಒಂದು ರೀತಿಯಲ್ಲಿ ಧೈರ್ಯ ಕೊಡುವಂಥದ್ದು, ಇನ್ನೊಂದು ರೀತಿಯಲ್ಲಿ ಬೀದಿಮಾತಿಗಿಂತಲೂ ಹೆಚ್ಚು ಕಳವಳ ಹುಟ್ಟಿಸುವಂಥದ್ದು.

ಮೊದಲು ಆ ಮಾತು ಹುಟ್ಟಿದ ಜಾಗ ನೋಡೋಣ. ಅಮೆರಿಕದ ಪ್ರತಿನಿಧಿ ಸಭೆಯ ಚುನಾವಣೆಗಳಲ್ಲಿ ಹೆಚ್ಚು ಖರ್ಚು ಮಾಡಿದ ಅಭ್ಯರ್ಥಿ ಶೇಕಡ 90ರ ಆಸುಪಾಸಿನ ಕ್ಷೇತ್ರಗಳಲ್ಲಿ ಗೆಲ್ಲುತ್ತಾರೆ. ಇದನ್ನು ಕೇಳಿದ ಯಾರಿಗಾದರೂ ವಿಷಯ ಇತ್ಯರ್ಥವಾಯಿತು ಅನ್ನಿಸುತ್ತದೆ. ಆದರೆ ದೇಣಿಗೆ ಕೊಡುವವರು ಯಾರಿಗೆ ಕೊಡುತ್ತಾರೆ ಎಂದು ಒಮ್ಮೆ ಯೋಚಿಸಿ. ಗೆಲ್ಲುವ ಲಕ್ಷಣ ಇರುವವರಿಗೆ. ನಾಳೆ ಅಧಿಕಾರದಲ್ಲಿ ಇರುವವರ ಪರಿಚಯ ಬೇಕಾದವರು ಸೋಲುವ ಕುದುರೆಗೆ ದುಡ್ಡು ಕಟ್ಟುವುದಿಲ್ಲ. ಹಾಲಿ ಸದಸ್ಯರು, ಪಕ್ಷದ ಭದ್ರ ಕ್ಷೇತ್ರದಲ್ಲಿ ನಿಂತವರು, ಆಗಲೇ ಹೆಸರು ಮಾಡಿದವರು ಒಂದು ರೂಪಾಯಿ ಖರ್ಚು ಮಾಡುವ ಮುಂಚೆಯೇ ಮುಂದಿರುತ್ತಾರೆ, ಹಣ ಅವರನ್ನು ಹುಡುಕಿಕೊಂಡು ಬರುತ್ತದೆ. ಹಾಗಾಗಿ ಹಣದಿಂದ ಗೆಲುವು ಬಂತೋ, ಗೆಲುವಿನ ವಾಸನೆಗೆ ಹಣ ಬಂತೋ ಎಂಬುದನ್ನು ಆ ಶೇಕಡಾವಾರು ಲೆಕ್ಕ ಹೇಳಲಾರದು.

ಈ ಗಂಟು ಎಷ್ಟು ಬಿಗಿ ಎಂಬುದು 1978ರಲ್ಲಿ ಗ್ಯಾರಿ ಜೇಕಬ್ಸನ್ ಎಂಬ ರಾಜಕೀಯ ಶಾಸ್ತ್ರಜ್ಞರ ಅಧ್ಯಯನದಿಂದ ಗೊತ್ತಾಯಿತು. 1972 ಮತ್ತು 1974ರ ಅಮೆರಿಕದ ಚುನಾವಣೆಗಳ ಲೆಕ್ಕಪತ್ರ ಹಿಡಿದು ಕೂತಾಗ ಅವರಿಗೆ ಕಂಡದ್ದು ಇದು: ಹಾಲಿ ಸದಸ್ಯರಿಗೆ ಸವಾಲು ಹಾಕುವ ಅಭ್ಯರ್ಥಿ ಹೆಚ್ಚು ಖರ್ಚು ಮಾಡಿದಷ್ಟೂ ಅವರ ಮತ ಪ್ರಮಾಣ ಏರುತ್ತದೆ, ಹಾಲಿ ಸದಸ್ಯರು ಹೆಚ್ಚು ಖರ್ಚು ಮಾಡಿದಷ್ಟೂ ಅವರ ಫಲಿತಾಂಶ ಕೆಡುತ್ತದೆ. ಖರ್ಚು ಮಾಡಿದ್ದಕ್ಕೇ ಸೋತರೆಂದು ಇದರ ಅರ್ಥವಲ್ಲ. ಆಸ್ಪತ್ರೆಗೆ ಹೆಚ್ಚು ಬಿಲ್ಲು ಕಟ್ಟಿದವರಲ್ಲಿ ಸಾವು ಹೆಚ್ಚು ಎಂದ ಮಾತ್ರಕ್ಕೆ ಬಿಲ್ಲೇ ಸಾವಿಗೆ ಕಾರಣ ಆಗುವುದಿಲ್ಲವಲ್ಲ, ಹಾಗೆ. ಕುರ್ಚಿ ಅಲುಗಾಡುತ್ತಿದೆ ಎಂದು ಗೊತ್ತಾದ ಹಾಲಿ ಸದಸ್ಯರು ಕೈ ಬಿಚ್ಚಿ ಖರ್ಚು ಮಾಡುತ್ತಾರೆ. ನಿಶ್ಚಿಂತೆಯಿಂದ ಇರುವವರಿಗೆ ಆ ಅಗತ್ಯವಿಲ್ಲ.

ಹತ್ತು ವರ್ಷದ ನಂತರ, 1988ರಲ್ಲಿ, ಡೊನಾಲ್ಡ್ ಗ್ರೀನ್ ಮತ್ತು ಜೊನಾಥನ್ ಕ್ರಾಸ್ನೊ ಇದನ್ನು ಒಪ್ಪಲಿಲ್ಲ. ಎದುರಾಳಿ ಎಷ್ಟು ಸಮರ್ಥರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹಾಲಿ ಸದಸ್ಯರ ಖರ್ಚಿಗೂ ಫಲ ಇದೆ ಎಂದು ಅವರು ವಾದಿಸಿದರು. 1998ರಲ್ಲಿ ಆಲನ್ ಗರ್ಬರ್ ಸೆನೆಟ್ ಚುನಾವಣೆಗಳನ್ನು ಬೇರೊಂದು ವಿಧಾನದಲ್ಲಿ ಪರೀಕ್ಷಿಸಿ, ಇಬ್ಬರ ಖರ್ಚಿನ ಪರಿಣಾಮವೂ ಹೆಚ್ಚುಕಡಿಮೆ ಸಮ ಎಂದರು. ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು 1994ರಲ್ಲಿ ಸ್ಟೀವನ್ ಲೆವಿಟ್ ಮಾಡಿದ ಕೆಲಸ. ಅವರು 1972ರಿಂದ 1990ರವರೆಗೆ ಅದೇ ಇಬ್ಬರು ಅಭ್ಯರ್ಥಿಗಳು ಒಂದಕ್ಕಿಂತ ಹೆಚ್ಚು ಬಾರಿ ಮುಖಾಮುಖಿಯಾದ ಕ್ಷೇತ್ರಗಳನ್ನಷ್ಟೇ ಆರಿಸಿಕೊಂಡರು. ಮುಖಗಳು ಅವೇ, ಸಾಮರ್ಥ್ಯ ಅದೇ, ಕ್ಷೇತ್ರ ಅದೇ. ಬದಲಾದದ್ದರಲ್ಲಿ ಮುಖ್ಯವಾದದ್ದು ಖರ್ಚು. ಹೀಗೆ ಅಳೆದಾಗ ಒಂದು ಲಕ್ಷ ಡಾಲರ್ ಹೆಚ್ಚುವರಿ ಖರ್ಚಿಗೆ ಸಿಕ್ಕ ಮತ ಶೇಕಡ ಒಂದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಣದ ಪ್ರತಾಪ ಎಂದು ನಾವು ತಿಳಿದದ್ದರಲ್ಲಿ ಬಹುಪಾಲು ಅಭ್ಯರ್ಥಿಯದೇ ಬಲವಾಗಿತ್ತು.

ಹೀಗಾಗಿಯೇ ಆಗಾಗ ದೊಡ್ಡ ಮೊತ್ತಗಳು ಮಣ್ಣುಮುಕ್ಕುತ್ತವೆ. 2014ರಲ್ಲಿ ವರ್ಜೀನಿಯಾದಲ್ಲಿ ರಿಪಬ್ಲಿಕನ್ ಪಕ್ಷದ ಸದನ ನಾಯಕ ಎರಿಕ್ ಕ್ಯಾಂಟರ್ ಸುಮಾರು 50 ಲಕ್ಷ ಡಾಲರ್ ಖರ್ಚು ಮಾಡಿ, ಸುಮಾರು 2 ಲಕ್ಷ ಖರ್ಚು ಮಾಡಿದ ಡೇವ್ ಬ್ರ್ಯಾಟ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕರ ಎದುರು, ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಪಕ್ಷದೊಳಗಿನ ಚುನಾವಣೆಯಲ್ಲೇ ಸೋತರು. 2018ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ತಮಗಿಂತ ಹತ್ತು ಪಟ್ಟಿಗೂ ಹೆಚ್ಚು ಹಣವಿದ್ದ ಹಾಲಿ ಸದಸ್ಯ ಜೋ ಕ್ರೌಲಿಯವರನ್ನು ಇಂಥದೇ ಚುನಾವಣೆಯಲ್ಲಿ ಸೋಲಿಸಿದರು. ಈ ಎರಡನ್ನೂ ನಿಮ್ಮ ಗೆಳತಿಗೆ ಹೇಳಿ, ಆದರೆ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿ. ಇಬ್ಬರು ಗೆದ್ದವರೂ ಬರಿಗೈಯಲ್ಲಿ ಇರಲಿಲ್ಲ. ತಮ್ಮ ಹೆಸರು ಮತದಾರರ ಕಿವಿಗೆ ಬೀಳುವಷ್ಟು ಹಣ, ಅದಕ್ಕಿಂತ ಹೆಚ್ಚಾಗಿ ಬಾಗಿಲು ಬಡಿಯುವಷ್ಟು ಜನ ಅವರ ಬಳಿ ಇದ್ದರು. ಎರಡೂ ಮತದಾನ ಕಡಿಮೆ ಇರುವ, ಎರಡೂ ಕಡೆಯವರು ಒಂದೇ ಪಕ್ಷದವರಾಗಿದ್ದ ಚುನಾವಣೆಗಳು ಎಂಬುದೂ ಮುಖ್ಯ.

ಇಲ್ಲಿಂದ ವಿಷಯದ ತಿರುಳಿಗೆ ಬರಬಹುದು. ಪ್ರಚಾರದ ಹಣ ಖರೀದಿಸುವುದು ಪರಿಚಯವನ್ನು. ಮತದಾರರಿಗೆ ಗೊತ್ತೇ ಇಲ್ಲದ ಹೆಸರನ್ನು ಗೊತ್ತಿರುವ ಹೆಸರನ್ನಾಗಿ ಮಾಡುವುದು ಅದರ ಮುಖ್ಯ ಕೆಲಸ. ಆದ್ದರಿಂದ ಯಾರೂ ಕೇಳಿರದ ಅಭ್ಯರ್ಥಿಯ ಮೊದಲ ಕಂತಿನ ಹಣಕ್ಕೆ ಇರುವ ಶಕ್ತಿ, ಹತ್ತು ವರ್ಷದಿಂದ ಪತ್ರಿಕೆಯಲ್ಲಿ ಫೋಟೋ ಬರುತ್ತಿರುವವರ ಹತ್ತನೇ ಕಂತಿಗೆ ಇಲ್ಲ. ಸಾವಿರದ ಒಂದನೇ ಫ್ಲೆಕ್ಸ್ ನೋಡಿ ಮನಸ್ಸು ಬದಲಾಯಿಸಿದ ಮತದಾರರು ಇರುವುದು ಕಷ್ಟ. ಖರ್ಚು ಏರುತ್ತಾ ಹೋದ ಹಾಗೆ ಪ್ರತಿ ರೂಪಾಯಿಯ ಫಲ ಇಳಿಯುತ್ತಾ ಹೋಗುತ್ತದೆ. ಶ್ರೀಮಂತ ಅಭ್ಯರ್ಥಿಗೆ ಇದು ಮಿತಿ, ಬಡ ಅಭ್ಯರ್ಥಿಗೆ ಇದೇ ಅವಕಾಶ.

ಚುನಾವಣೆ ಚಿಕ್ಕದಾದಷ್ಟೂ ಹಣದ ಪ್ರಭಾವ ಕಡಿಮೆಯಾಗಬಹುದು ಎಂದು ಅನೇಕರ ಊಹೆ. ಸಾಕ್ಷ್ಯ ಬೇರೆ ಮಾತು ಹೇಳುತ್ತದೆ. ಅಮೆರಿಕದ 2000ದಿಂದ 2018ರವರೆಗಿನ ಚುನಾವಣೆಗಳ ಟಿವಿ ಜಾಹೀರಾತುಗಳನ್ನು ಜಾನ್ ಸೈಡ್ಸ್, ಲಿನ್ ವಾವ್ರೆಕ್ ಮತ್ತು ಕ್ರಿಸ್ಟೋಫರ್ ವಾರ್ಷಾ ಪರಿಶೀಲಿಸಿದಾಗ, ಅಧ್ಯಕ್ಷ ಚುನಾವಣೆಗಿಂತ ಕೆಳಹಂತದ ಹುದ್ದೆಗಳ ಚುನಾವಣೆಯಲ್ಲೇ ಜಾಹೀರಾತಿನ ಪರಿಣಾಮ ಹೆಚ್ಚು ಎಂದು ಕಂಡಿತು. ಅಧ್ಯಕ್ಷ ಅಭ್ಯರ್ಥಿಗಳ ಬಗ್ಗೆ ಜನರಿಗೆ ಮೊದಲೇ ಬೇಕಾದಷ್ಟು ಗೊತ್ತಿರುತ್ತದೆ. ಕೆಳಹಂತದ ಅಭ್ಯರ್ಥಿಯ ಬಗ್ಗೆ ಕೇಳಿದ ಒಂದೇ ಮಾತು ಜಾಹೀರಾತಿನದ್ದೇ ಆಗಿರಬಹುದು. ಪಕ್ಷದ ಚಿಹ್ನೆ ಇಲ್ಲದ ಚುನಾವಣೆಗಳಲ್ಲಿ, ಸುದ್ದಿವಾಹಿನಿಗಳು ತಿರುಗಿಯೂ ನೋಡದ ವಾರ್ಡುಗಳಲ್ಲಿ ಈ ಕೊರತೆ ಇನ್ನೂ ಹೆಚ್ಚು. ಅಲ್ಲಿ ಸ್ವಲ್ಪ ಹಣವೂ ದೂರ ಹೋಗುತ್ತದೆ, ನಿಮ್ಮ ಗೆಳತಿಯದ್ದೂ ಸೇರಿ.

ಬ್ರಿಟನ್ನಿನ ಅನುಭವ ಇದಕ್ಕೆ ಪೂರಕ. ಅಲ್ಲಿ 1883ರ ಕಾಯ್ದೆಯಿಂದಲೂ ಪ್ರತಿ ಕ್ಷೇತ್ರದ ಅಭ್ಯರ್ಥಿಯ ವೆಚ್ಚಕ್ಕೆ ಮಿತಿಯಿದೆ, ಲೆಕ್ಕ ಒಪ್ಪಿಸುವ ಕಟ್ಟುಪಾಡೂ ಇದೆ. ಹಾಗಾಗಿ ಅಧ್ಯಯನಕ್ಕೆ ಬೇಕಾದ ಕಾಗದಪತ್ರಗಳು ನೂರಕ್ಕೂ ಹೆಚ್ಚು ವರ್ಷದಷ್ಟು ಸಿಗುತ್ತವೆ. ಬಹಳ ಕಾಲ ಅಲ್ಲಿನ ವಿದ್ವಾಂಸರು ಕ್ಷೇತ್ರಮಟ್ಟದ ಪ್ರಚಾರವನ್ನು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸ, ದೇಶದ ಅಲೆಯೇ ಎಲ್ಲ ತೀರ್ಮಾನಿಸುತ್ತದೆ ಎಂದು ಬರೆದರು. ರಾನ್ ಜಾನ್‌ಸ್ಟನ್ ಮತ್ತು ಚಾರ್ಲ್ಸ್ ಪ್ಯಾಟಿ ಆ ಲೆಕ್ಕಪತ್ರಗಳನ್ನು ಕ್ಷೇತ್ರವಾರು ಫಲಿತಾಂಶದ ಪಕ್ಕ ಇಟ್ಟು ನೋಡಿದರು. ಒಂದು ಪಕ್ಷ ಹೆಚ್ಚು ಖರ್ಚು ಮಾಡಿದ ಕ್ಷೇತ್ರದಲ್ಲಿ ಅದರ ಸಾಧನೆ ಅಷ್ಟರಮಟ್ಟಿಗೆ ಉತ್ತಮ, ಅದರಲ್ಲೂ ಆ ಕ್ಷೇತ್ರದಲ್ಲಿ ಅದು ಸವಾಲು ಹಾಕುವ ಸ್ಥಾನದಲ್ಲಿದ್ದರೆ ಇನ್ನೂ ಉತ್ತಮ ಎಂದು ತೋರಿಸಿದರು. ಪರಿಣಾಮ ದೊಡ್ಡದಲ್ಲ. ಆದರೆ ಕೆಲವೇ ನೂರು ಮತಗಳ ಅಂತರದಲ್ಲಿ ತೀರ್ಮಾನವಾಗುವ ಕ್ಷೇತ್ರದಲ್ಲಿ ಚಿಕ್ಕ ಪರಿಣಾಮವೇ ಫಲಿತಾಂಶ.

ಹಣ ಎಷ್ಟು ಎಂಬುದಕ್ಕಿಂತ ಯಾವುದರ ಮೇಲೆ ಹೋಯಿತು ಎಂಬುದು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಗರ್ಬರ್ ಮತ್ತು ಗ್ರೀನ್ ಸುಮಾರು 30,000 ಮತದಾರರನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ವಿಂಗಡಿಸಿ ಪ್ರಯೋಗ ಮಾಡಿದರು. ಕೆಲವರ ಮನೆಗೆ ಹೋಗಿ ಮಾತಾಡಿದರು, ಕೆಲವರಿಗೆ ಅಂಚೆಯಲ್ಲಿ ಕಾಗದ ಕಳಿಸಿದರು, ಕೆಲವರಿಗೆ ಫೋನ್ ಮಾಡಿಸಿದರು. ಬಾಗಿಲಿಗೆ ಹೋಗಿ ಮುಖ ನೋಡಿ ಮಾತಾಡಿಸಿದವರಲ್ಲಿ ಮತದಾನ ಗಣನೀಯವಾಗಿ ಏರಿತು. ಕಾಗದದಿಂದ ಅಲ್ಪಸ್ವಲ್ಪ. ಹಣ ಕೊಟ್ಟು ಮಾಡಿಸಿದ ಫೋನ್ ಕರೆಗಳಿಂದ ಏನೂ ಇಲ್ಲ. ಅಂದರೆ ಅಭ್ಯರ್ಥಿಗಳಿಗೆ ಮಾರಾಟಕ್ಕೆ ಸಿಗುವ ಸೇವೆಗಳಲ್ಲಿ ಕೆಲವು, ಕೊಟ್ಟ ದುಡ್ಡಿಗೆ ಏನನ್ನೂ ಮರಳಿಸುವುದಿಲ್ಲ.

ಟಿವಿ ಜಾಹೀರಾತಿನ ಆಯುಷ್ಯ ಎಷ್ಟು ಎಂಬುದನ್ನು 2006ರಲ್ಲಿ ಟೆಕ್ಸಾಸ್‌ನಲ್ಲಿ ಅಳೆದರು. ಗವರ್ನರ್ ರಿಕ್ ಪೆರ್ರಿಯವರ ಪ್ರಚಾರ ತಂಡವೇ ಒಪ್ಪಿ, ಯಾವ ಊರಿನಲ್ಲಿ ಯಾವ ವಾರ ಜಾಹೀರಾತು ಬರಬೇಕು ಎಂಬುದನ್ನು ಚೀಟಿಯ ಮೇಲೆ ಬಿಟ್ಟಿತು. ಸುಮಾರು 20 ಲಕ್ಷ ಡಾಲರ್ ಜಾಹೀರಾತು. ಬಂದ ವಾರ ಜನಾಭಿಪ್ರಾಯ ಜೋರಾಗಿ ಏರಿತು, ಒಂದೆರಡು ವಾರ ಕಳೆಯುವುದರೊಳಗೆ ಏರಿದ್ದೆಲ್ಲ ಕರಗಿಹೋಯಿತು. 2018ರಲ್ಲಿ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಇಂಥ 49 ಕ್ಷೇತ್ರ ಪ್ರಯೋಗಗಳನ್ನು ಒಟ್ಟುಗೂಡಿಸಿ, ಅಮೆರಿಕದ ಸಾರ್ವತ್ರಿಕ ಚುನಾವಣೆಗಳಲ್ಲಿ ಮತದಾರರ ಆಯ್ಕೆಯನ್ನು ಬದಲಾಯಿಸುವುದರಲ್ಲಿ ಪ್ರಚಾರ ಸಂಪರ್ಕದ ಸರಾಸರಿ ಪರಿಣಾಮ ಸೊನ್ನೆ ಎಂದರು. ಇದನ್ನು ಓದಿ ಕೆಲವರು ಪ್ರಚಾರವೆಲ್ಲ ದಂಡ ಎಂಬ ತೀರ್ಮಾನಕ್ಕೆ ಬಂದರು. ಅದು ಅವಸರದ ತೀರ್ಮಾನ. ಆ ಲೆಕ್ಕ ಮುಖ್ಯವಾಗಿ ಪಕ್ಷದ ಗುರುತೇ ಎಲ್ಲವನ್ನೂ ಹೇಳಿಬಿಡುವ ಚುನಾವಣೆಗಳದ್ದು. ಪಕ್ಷದ ಗುರುತು ಸಹಾಯಕ್ಕೆ ಬಾರದ ಸ್ಪರ್ಧೆಗಳಲ್ಲಿ ಅದೇ ಸಂಶೋಧಕರಿಗೆ ಪರಿಣಾಮ ಕಂಡಿತ್ತು. ಜನರ ಮನಸ್ಸು ಬದಲಿಸುವುದು ಕಷ್ಟ, ಮೊದಲೇ ಒಲವಿರುವವರನ್ನು ಮತಗಟ್ಟೆವರೆಗೆ ಕರೆತರುವುದು ಅಷ್ಟು ಕಷ್ಟವಲ್ಲ ಎಂಬುದು ಈ ಎಲ್ಲ ಪ್ರಯೋಗಗಳಿಂದ ನಾನು ತೆಗೆಯುವ ಅರ್ಥ.

ಇದುವರೆಗಿನ ಮಾತೆಲ್ಲ ಲೆಕ್ಕಪತ್ರದಲ್ಲಿ ಬರೆಯಬಹುದಾದ ಖರ್ಚಿನದ್ದು. ಮತದಾನದ ಹಿಂದಿನ ರಾತ್ರಿ ಹಂಚುವ ಹಣದ ಕತೆ ಬೇರೆ. ಮತ ಗುಪ್ತವಾಗಿರುವ ಕಡೆ ಹಣ ಪಡೆದವರು ಯಾರಿಗೆ ಹಾಕಿದರು ಎಂದು ಕೊಟ್ಟವರಿಗೆ ತಿಳಿಯುವ ದಾರಿಯಿಲ್ಲ. ಇಬ್ಬರು ಮೂವರಿಂದ ಪಡೆದು ತಮಗೆ ಬೇಕಾದವರಿಗೆ ಹಾಕುವವರು ಎಲ್ಲೆಡೆ ಇದ್ದಾರೆ. ಆದರೂ ಹಂಚುತ್ತಾರೆ, ಏಕೆ? ಮುಂಬೈಯಲ್ಲಿ ಅಭ್ಯರ್ಥಿಗಳು ಮತ್ತು ದಲ್ಲಾಳಿಗಳ ನಡುವೆ ಅಧ್ಯಯನ ಮಾಡಿದ ಸೈಮನ್ ಶೋಷಾರ್ 2018ರಲ್ಲಿ ಕೊಟ್ಟ ವಿವರಣೆ ನನಗೆ ಸರಿ ಅನ್ನಿಸುತ್ತದೆ: ಹಂಚಿದರೆ ಗೆಲ್ಲುತ್ತೇವೆ ಎಂಬ ನಂಬಿಕೆಯಿಂದ ಹಂಚುವುದಲ್ಲ, ಎದುರಾಳಿ ಹಂಚುವಾಗ ತಾವು ಸುಮ್ಮನಿದ್ದರೆ ಸೋಲುತ್ತೇವೆ ಎಂಬ ಭಯದಿಂದ. ಎಲ್ಲರೂ ಸುರಿಯುತ್ತಾರೆ, ಒಬ್ಬರದನ್ನು ಇನ್ನೊಬ್ಬರದು ಹೊಡೆದುಹಾಕುತ್ತದೆ, ಸುರಿಯಲಾಗದವರು ಮಾತ್ರ ಸ್ಪರ್ಧೆಯಿಂದ ಹೊರಗೆ ಉಳಿಯುತ್ತಾರೆ.

ಆಫ್ರಿಕಾದ ಪುಟ್ಟ ದ್ವೀಪರಾಷ್ಟ್ರ ಸಾವೊ ಟೊಮೆ ಮತ್ತು ಪ್ರಿನ್ಸಿಪೆಯಲ್ಲಿ 2006ರ ಚುನಾವಣೆಯ ವೇಳೆ ಪೆಡ್ರೊ ವಿಸೆಂಟೆ ನಡೆಸಿದ ಪ್ರಯೋಗದ ಫಲಿತಾಂಶ ಇನ್ನೂ ಯೋಚನೆಗೆ ಹಚ್ಚುತ್ತದೆ. ಮತ ಮಾರಬೇಡಿ ಎಂಬ ತಿಳಿವಳಿಕೆ ಆಂದೋಲನ ನಡೆದ ಕಡೆ ಹಣದ ಪ್ರಭಾವ ಇಳಿಯಿತು. ಜೊತೆಗೆ ಮತದಾನವೂ ಇಳಿಯಿತು, ಅಧಿಕಾರದಲ್ಲಿದ್ದವರಿಗೆ ಲಾಭವಾಯಿತು. ಸರ್ಕಾರಿ ಕೃಪೆ ಹಂಚುವ ಅವಕಾಶ ಇಲ್ಲದ ವಿರೋಧಿ ಅಭ್ಯರ್ಥಿಗೆ ನಗದು ಒಂದೇ ಉಳಿದ ದಾರಿಯಾಗಿತ್ತು. ಇದನ್ನು ಹೇಳಿದ್ದು ಹಂಚಿಕೆಯನ್ನು ಸಮರ್ಥಿಸಲಿಕ್ಕಲ್ಲ. 2014ರ ಭಾರತದ ಲೋಕಸಭಾ ಚುನಾವಣೆಯಲ್ಲಿ ರೇಡಿಯೋ ಮೂಲಕ ನಡೆದ ಇಂಥದೇ ಆಂದೋಲನ, ಹಣ ಹಂಚುವ ಪಕ್ಷಗಳ ಮತ ಪ್ರಮಾಣವನ್ನು ಇಳಿಸಿತು ಎಂದು ಲಾರಾ ಶೆಕ್ಟರ್ ಮತ್ತು ಶ್ರೀನಿವಾಸನ್ ವಾಸುದೇವನ್ ತೋರಿಸಿದ್ದಾರೆ. ಆ ಫಲಿತಾಂಶ ನನಗೆ ನಿಜವಾಗಿಯೂ ಸಂತೋಷ ಕೊಟ್ಟಿತು. ಹಣ ತಡೆಯುವ ಕ್ರಮ ಯಾರಿಗೆ ನೆರವಾಗುತ್ತದೆ ಎಂಬುದು, ಹಣವಿಲ್ಲದೆಯೂ ಬಲ ಇರುವವರು ಆ ಕ್ಷೇತ್ರದಲ್ಲಿ ಯಾರು ಎಂಬುದನ್ನು ಅವಲಂಬಿಸಿದೆ.

ಈಗ ನಾನು ಮೊದಲೇ ಹೇಳಿದ ಕಳವಳದ ವಿಷಯ. ಮತ ಎಣಿಸುವ ದಿನದ ಲೆಕ್ಕದಲ್ಲಿ ಹಣದ ಪರಿಣಾಮ ಚಿಕ್ಕದು, ನಿಜ. ಆದರೆ ಆ ಅಧ್ಯಯನಗಳೆಲ್ಲ ಕಣದಲ್ಲಿ ಇದ್ದವರನ್ನು ಮಾತ್ರ ಹೋಲಿಸಿ ನೋಡುತ್ತವೆ. ಖರ್ಚಿನ ಅಂದಾಜು ಕೇಳಿಯೇ ನಾಮಪತ್ರ ಸಲ್ಲಿಸದೆ ಮನೆಯಲ್ಲಿ ಉಳಿದವರು ಯಾವ ಅಂಕಿಅಂಶದಲ್ಲೂ ಸಿಗುವುದಿಲ್ಲ. ಪಕ್ಷ ಟಿಕೆಟ್ ಕೊಡುವಾಗ ನಿಮ್ಮ ಬಳಿ ಎಷ್ಟಿದೆ ಎಂದು ಕೇಳಿದ್ದಕ್ಕೆ ಎದ್ದು ಬಂದ ಶಿಕ್ಷಕಿ, ಅಂಗವಿಕಲ ಕಾರ್ಯಕರ್ತ, ಕೂಲಿ ಸಂಘದ ಮುಖಂಡ ಇವರೆಲ್ಲ ಸೋತವರ ಪಟ್ಟಿಯಲ್ಲೂ ಇಲ್ಲ. ಹಣ ಮಾಡುವ ಅತಿದೊಡ್ಡ ಕೆಲಸ ನಡೆಯುವುದು ಅಲ್ಲಿ, ಪ್ರಚಾರ ಶುರುವಾಗುವುದಕ್ಕೂ ಮೊದಲು.

ಇದು ನನ್ನ ಬರೀ ಅನಿಸಿಕೆಯಲ್ಲ. ಬ್ರೆಜಿಲ್ 2015ರಲ್ಲಿ ಕಂಪನಿಗಳ ದೇಣಿಗೆ ನಿಷೇಧಿಸಿ, 2016ರ ನಗರ ಚುನಾವಣೆಗಳಿಗೆ ವೆಚ್ಚದ ಮಿತಿ ತಂದಿತು. ಒಂದೇ ಥರದ ಪಟ್ಟಣಗಳಲ್ಲಿ ಕೆಲವಕ್ಕೆ ಬಿಗಿ ಮಿತಿ, ಕೆಲವಕ್ಕೆ ಸಡಿಲ ಮಿತಿ ಬಿದ್ದದ್ದರಿಂದ ಹೋಲಿಕೆಗೆ ಒಳ್ಳೆಯ ಅವಕಾಶ ಸಿಕ್ಕಿತು. ಬಿಗಿ ಮಿತಿ ಇದ್ದ ಕಡೆ ಹೆಚ್ಚು ಜನ ಕಣಕ್ಕಿಳಿದರು, ಇಳಿದವರು ಅಷ್ಟು ಸಿರಿವಂತರಲ್ಲ, ಹಾಲಿ ಮೇಯರ್‌ಗಳು ಮರಳಿ ಗೆಲ್ಲುವ ಸಾಧ್ಯತೆ ತಗ್ಗಿತು. 1885ರಿಂದ 2019ರವರೆಗಿನ ಬ್ರಿಟನ್ನಿನ ಮಿತಿಗಳನ್ನು ಪರಿಶೀಲಿಸಿದ ಅಲೆಕ್ಸಾಂಡರ್ ಫೂರ್ನಾಯಸ್ ಅವರಿಗೂ ಕಂಡದ್ದು ಇದೇ ದಿಕ್ಕು: ಮಿತಿ ಏರಿಸಿದಾಗ ಕಣಕ್ಕಿಳಿಯುವವರು ಕಡಿಮೆಯಾಗುತ್ತಾರೆ, ಹಾಲಿ ಸದಸ್ಯರಿಗೆ ಅನುಕೂಲವಾಗುತ್ತದೆ.

ಆದರೆ ಮಿತಿ ಎಂಬ ಬಾಗಿಲು ಇಟ್ಟು ಪಕ್ಕದಲ್ಲಿ ಗೋಡೆ ಕಟ್ಟದಿದ್ದರೆ ಪ್ರಯೋಜನವಿಲ್ಲ. ಭಾರತದಲ್ಲಿ 2022ರಿಂದ ಲೋಕಸಭಾ ಅಭ್ಯರ್ಥಿಗೆ ದೊಡ್ಡ ರಾಜ್ಯಗಳಲ್ಲಿ 95 ಲಕ್ಷ ರೂಪಾಯಿ, ವಿಧಾನಸಭೆಗೆ 40 ಲಕ್ಷ ಮಿತಿ. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಪಕ್ಷ ಅಭ್ಯರ್ಥಿಗಾಗಿ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 1974ರಲ್ಲಿ ಹೇಳಿತು, ಅದೇ ವರ್ಷ ಕಾನೂನು ತಿದ್ದುಪಡಿ ಮಾಡಿ ಆ ತೀರ್ಪನ್ನು ನಿಷ್ಫಲಗೊಳಿಸಲಾಯಿತು. ಬ್ರಿಟನ್ನಿನಲ್ಲೂ ಯಾವುದು ಸ್ಥಳೀಯ ಖರ್ಚು, ಯಾವುದು ರಾಷ್ಟ್ರೀಯ ಖರ್ಚು ಎಂಬ ಗೆರೆ ಮಸುಕು. 2015ರ ಚುನಾವಣೆಯ ಖರ್ಚನ್ನು ಸರಿಯಾಗಿ ತೋರಿಸದಿದ್ದಕ್ಕೆ ಅಲ್ಲಿನ ಚುನಾವಣಾ ಆಯೋಗ 2017ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ 70,000 ಪೌಂಡ್ ದಂಡ ಹಾಕಿತು. ಇನ್ನು ಜಪಾನಿನಲ್ಲಿ 1925ರಿಂದಲೂ ಮನೆಮನೆ ಪ್ರಚಾರಕ್ಕೇ ನಿಷೇಧವಿದೆ. ಹೊಸಬರಿಗೆ ಅತಿ ಅಗ್ಗದ, ಅತಿ ಪರಿಣಾಮಕಾರಿಯಾದ ವಿಧಾನವನ್ನೇ ತಡೆಯುವ ಇಂಥ ನಿಯಮದಿಂದ ಲಾಭವಾಗುವುದು ಮೊದಲೇ ಪರಿಚಿತರಾದವರಿಗೆ.

ಮೇಲ್ಮಿತಿ ಹಾಕುವುದರ ಜೊತೆಗೆ ಕೆಳಗಿನಿಂದ ಎತ್ತುವ ವ್ಯವಸ್ಥೆಯೂ ಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಕೆನಡಾದಲ್ಲಿ ಶೇಕಡ 10 ಮತ ಪಡೆದ ಅಭ್ಯರ್ಥಿಗೆ ಖರ್ಚಿನ ಶೇಕಡ 60 ಮರಳಿ ಸಿಗುತ್ತದೆ. ಫ್ರಾನ್ಸಿನಲ್ಲಿ ಮೊದಲ ಸುತ್ತಿನಲ್ಲಿ ಶೇಕಡ 5 ಮತ ಪಡೆದವರಿಗೆ ಮಿತಿಯ ಶೇಕಡ 47.5ರವರೆಗೆ ಮರುಪಾವತಿ ಇದೆ. ಅಮೆರಿಕದ ಸಿಯಾಟಲ್ ನಗರ 2017ರಿಂದ ಅರ್ಹ ವಯಸ್ಕ ನಿವಾಸಿಗಳಿಗೆ 25 ಡಾಲರಿನ ನಾಲ್ಕು ಚೀಟಿ ಕೊಡುತ್ತದೆ, ಅದನ್ನು ಅವರು ಮೆಚ್ಚಿದ ಸ್ಥಳೀಯ ಅಭ್ಯರ್ಥಿಗೆ ದೇಣಿಗೆಯಾಗಿ ಕೊಡಬಹುದು. ದೇಣಿಗೆ ಕೊಡುವವರ ಸಂಖ್ಯೆಯೂ ಕಣಕ್ಕಿಳಿಯುವವರ ಸಂಖ್ಯೆಯೂ ಅಲ್ಲಿ ಏರಿವೆ.

ಇನ್ನು ನಿಮ್ಮ ಗೆಳತಿ. ಇರುವ ಹಣವನ್ನು ಕೊನೆಯ ವಾರದ ಅಬ್ಬರಕ್ಕೆ ಎದುರಾಳಿಯ ಜೊತೆ ಪೈಪೋಟಿಗೆ ಹಾಕಬೇಡಿ ಎನ್ನಿ, ಆ ಆಟದಲ್ಲಿ ಅವರು ಸೋಲುತ್ತಾರೆ. ಮೊದಲ ಭಾಗ ಹೆಸರು ಪರಿಚಯಿಸಲು ಹೋಗಲಿ: ಹೆಸರು, ಮುಖ, ಚಿಹ್ನೆ, ಒಂದು ಸ್ಥಳೀಯ ಸಮಸ್ಯೆ, ಅಷ್ಟೇ ಇರುವ ಕರಪತ್ರ. ಅದನ್ನು ಪತ್ರಿಕೆಯೊಳಗೆ ಸೇರಿಸಿ ಹಂಚಿಸದೆ ಅವರೇ ಕೈಯಾರೆ ಕೊಡಲಿ. ಕಳೆದ ಚುನಾವಣೆಯ ಮತಗಟ್ಟೆವಾರು ಅಂಕಿ ಸಿಗುವ ಕಡೆ ಅದನ್ನು ತರಿಸಿಕೊಂಡು, ಗೆಲುವಿನ ಅಂತರ ಎಷ್ಟಿತ್ತು, ಎಲ್ಲಿ ಮತದಾನ ಕಡಿಮೆ ಇತ್ತು ಎಂದು ಗುರುತು ಹಾಕಿಕೊಳ್ಳಲಿ. ಒಲವು ತೋರಿಸಿದ ಮನೆಗಳ ಪಟ್ಟಿಯನ್ನು ಮೊದಲ ದಿನದಿಂದಲೇ ಬರೆದಿಡಲಿ, ಏಕೆಂದರೆ ಕೊನೆಯ ಎರಡು ದಿನ ಮರಳಿ ಹೋಗಬೇಕಾದದ್ದು ಆ ಮನೆಗಳಿಗೇ. ಗಾಡಿಗೆ ಮೈಕು ಕಟ್ಟುವ ದುಡ್ಡಿನಲ್ಲಿ ಸ್ವಯಂಸೇವಕರ ಊಟ ಮತ್ತು ಓಡಾಟದ ಖರ್ಚು ನೋಡಿಕೊಂಡರೆ ಹೆಚ್ಚು ಮತ ಬರುತ್ತದೆ. ಖರ್ಚಿನ ಲೆಕ್ಕಕ್ಕೆ ಪ್ರತ್ಯೇಕ ಪುಸ್ತಕ ಇಟ್ಟು ಪ್ರತಿ ರಶೀದಿಯನ್ನೂ ಅಂಟಿಸಲಿ. ಲೆಕ್ಕ ಸಲ್ಲಿಸದ ಅಭ್ಯರ್ಥಿಯನ್ನು ಅನರ್ಹಗೊಳಿಸುವ ನಿಯಮ ಬಹಳ ಕಡೆ ಇದೆ, ಅದಕ್ಕೆ ಬಲಿಯಾಗುವವರು ಹೆಚ್ಚಾಗಿ ಸಣ್ಣ ಅಭ್ಯರ್ಥಿಗಳೇ. ಮತ್ತು ನಾಮಪತ್ರ ಸಲ್ಲಿಸುವ ಕೊನೆಯ ದಿನಾಂಕ ಯಾವುದೆಂದು ಇವತ್ತೇ ವಿಚಾರಿಸಲಿ.